ಜಾವಾ ಕಲಿ ಮಾರಾಯ!

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಬೆಳಿಗ್ಗೆ ಎಂಟರ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಗದೆ ಹೋಗಬಹುದು, ಮೇ ತಿಂಗಳಲ್ಲಿ ನಲ್ಲಿ ಬತ್ತಬಹುದು. ಆದರೆ ಸಾಫ್ಟ್‌ವೇರ್ ಕಲಿಯಲು ಹೊರಟ ಹುಡುಗನಿಗೆ ಸಲಹೆಯ ಬರಗಾಲ ಬಂದದ್ದನ್ನು ಯಾರೂ ಕಂಡಿಲ್ಲ.

ಆ ಹುಡುಗನಿಗೊಂದು ಹೆಸರು ಬೇಡ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೂ ಸಿಗುತ್ತಾನೆ, ಪಶ್ಚಿಮಕ್ಕೆ ಇಳಿದರೂ ಸಿಗುತ್ತಾನೆ. ಬಿಎಸ್‌ಸಿ ಐಟಿ ಕೊನೆಯ ವರ್ಷ. ಗಣಿತದಲ್ಲಿ ಒಂದು ಕೆಟಿ, ಅಂದರೆ ಮತ್ತೆ ಬರೆಯಬೇಕಾದ ಪೇಪರು, ಬಾಕಿ. ಅದು ಅಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ, ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬಂದವರಿಗೆಲ್ಲ ಗೊತ್ತು. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಕೆಳಗಿನ ಅಂಗಡಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ಇಷ್ಟನ್ನು ತಡವರಿಸದೆ ನಿಭಾಯಿಸುವವನು ಎಲ್ಲರನ್ನೂ ಕೇಳುವ ಪ್ರಶ್ನೆ ಮಾತ್ರ ಒಂದೇ: "ಮೊದಲು ಯಾವ ಲ್ಯಾಂಗ್ವೇಜ್ ಕಲಿಯಬೇಕು?"

ಬ್ಯಾಂಕಿನಿಂದ ನಿವೃತ್ತರಾದ ದೊಡ್ಡ ಮಾವನಿಗೆ ಪ್ರಶ್ನೆಯೇ ಹಿಡಿಸಲಿಲ್ಲ. "ಲ್ಯಾಂಗ್ವೇಜೂ ಬೇಡ ಎಂತದೂ ಬೇಡ. ಐಟಿಯಲ್ಲಿ ಗ್ಯಾರಂಟಿ ಎಂತ ಉಂಟು? ಬ್ಯಾಂಕಿನ ಪರೀಕ್ಷೆಗೆ ಕೂತುಕೋ. ಪರ್ಮನೆಂಟ್!" ಮಾವ ಸುಳ್ಳು ಹೇಳುವವರಲ್ಲ. ಟೈಪಿಂಗು, ಶಾರ್ಟ್‌ಹ್ಯಾಂಡಿನ ಸರ್ಟಿಫಿಕೇಟು ಹಿಡಿದು ಕರಾವಳಿಯಿಂದ ಬಂದವರ ಒಂದಿಡೀ ತಲೆಮಾರಿಗೆ ಮುಂಬಯಿಯಲ್ಲಿ ಅನ್ನ ಕೊಟ್ಟದ್ದು ಬ್ಯಾಂಕುಗಳೇ. ಹುಡುಗ ತಲೆ ತಗ್ಗಿಸಿ ಕೇಳಿದ: "ಮಾವ, ನಿಮ್ಮ ಬ್ಯಾಂಕು ಈಗ ಎಲ್ಲುಂಟು?" ಮಾವ ಚಹಾ ತಣ್ಣಗಾಯಿತೆಂದು ಒಳಗೆ ಹೋದರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ತಾರೀಕಿಗೆ ಉಡುಪಿಯ ಎರಡು ಮಕ್ಕಳು, 1906ರ ಕಾರ್ಪೊರೇಶನ್ ಮತ್ತು 1925ರ ಸಿಂಡಿಕೇಟು, ಯೂನಿಯನ್ ಬ್ಯಾಂಕಿಗೂ ಕೆನರಾ ಬ್ಯಾಂಕಿಗೂ ಸೇರಿಹೋದವು. ನೌಕರಿಗಳು ಉಳಿದವು, ಬೋರ್ಡು ಹೋಯಿತು.

ಮೂರನೆಯ ಮಾಳಿಗೆಯ ಅಣ್ಣನಿಗೆ ಐರೋಲಿಯಲ್ಲಿ ಕೆಲಸ. "ಜಾವಾ ಕಲಿ ಮಾರಾಯ! ದೊಡ್ಡ ಕಂಪನಿಗಳದ್ದು ಎಲ್ಲ ಜಾವಾವೇ." ಪುಣೆಯ ಚಿಕ್ಕಮ್ಮನ ಮಗಳು ಫೋನಿನಲ್ಲಿ, "ಜಾವಾ ಹಳತಾಯಿತು, ಪೈಥಾನ್ ಮಾಡು" ಅಂದಳು. ಪೈಥಾನ್ ಹೊರಬಂದದ್ದು 1991ರಲ್ಲಿ, ಜಾವಾ 1995ರಲ್ಲಿ. ಹಳತು ಯಾವುದೆಂದು ಯಾರೂ ಲೆಕ್ಕ ಹಾಕಲಿಲ್ಲ. 1995ರಲ್ಲೇ ಬಂದ ಜಾವಾಸ್ಕ್ರಿಪ್ಟನ್ನು ಜಾವಾದ ತಮ್ಮನೆಂದು ತಿಳಿದವರೂ ಇದ್ದಾರೆ. ಜಾವಾ ಆಗ ಪೇಟೆಯಲ್ಲಿ ಓಡುತ್ತಿತ್ತೆಂದು ಆ ಹೆಸರನ್ನು ಇದಕ್ಕೂ ಅಂಟಿಸಿದ್ದರು, ಹೆಚ್ಚಿನ ನೆಂಟಸ್ತಿಕೆ ಇಲ್ಲ. ಪಕ್ಕದ ಮನೆಯ ಕಾಕಾ ಮಾತ್ರ ಒಂದೇ ಏಟಿಗೆ ಮುಗಿಸಿದರು: "ಎಐ ಬಂತಲ್ಲ, ಇನ್ನು ಯಾವುದೂ ಬೇಡ."

ಹುಡುಗ ಎಲ್ಲರ ಮಾತನ್ನೂ ಕೇಳಿದ. ಅದೇ ಎಡವಟ್ಟಾಯಿತು. ಎರಡು ವಾರ ಜಾವಾ, ಎರಡು ವಾರ ಪೈಥಾನ್, ಮತ್ತೊಂದಿಷ್ಟು ದಿನ ಇನ್ನೊಂದು. ದೀಪಾವಳಿಯ ಹೊತ್ತಿಗೆ ಅವನು ಐದು ಭಾಷೆಗಳಲ್ಲಿ "ಹಲೋ ವರ್ಲ್ಡ್" ಎಂದು ಜಗತ್ತಿಗೆ ನಮಸ್ಕಾರ ಹೇಳಬಲ್ಲವನಾಗಿದ್ದ, ಆರನೆಯ ಸಾಲು ಯಾವುದರಲ್ಲೂ ಬರುತ್ತಿರಲಿಲ್ಲ. ಮೂರನೆಯ ಮಾಳಿಗೆಯವನೂ ಪುಣೆಯವಳೂ ತಂತಮ್ಮ ಮಟ್ಟಿಗೆ ಸರಿಯೇ. ಇಬ್ಬರಲ್ಲಿ ಯಾರದಾದರೂ ಒಂದು ಮಾತು ಹಿಡಿದು ಒಂದು ವರ್ಷ ಕೂತಿದ್ದರೂ ದಾರಿ ಸಾಗುತ್ತಿತ್ತು. ಲೂಪು, ಫಂಕ್ಷನ್ನು, ಪಟ್ಟಿ, ಫೈಲು ಒಂದರಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೆ ಹಾರುವುದು ಕಷ್ಟವಲ್ಲ. ಪೀಟರ್ ನಾರ್ವಿಗ್ ಎಂಬ ಹೆಸರಾಂತ ಕಂಪ್ಯೂಟರ್ ವಿಜ್ಞಾನಿಯ ಪ್ರಬಂಧವೊಂದಿದೆ, ಹತ್ತು ವರ್ಷಗಳಲ್ಲಿ ಪ್ರೋಗ್ರಾಮಿಂಗ್ ಕಲಿಯಿರಿ ಎಂದು ಅದರ ಶೀರ್ಷಿಕೆ. ಥಾಣೆ ಸ್ಟೇಷನ್ನಿನ ಹೊರಗಿನ ಕ್ಲಾಸುಗಳ ಬೋರ್ಡಿನಲ್ಲಿ ಆ ಅವಧಿ ತೊಂಬತ್ತು ದಿನ, ಜೊತೆಗೆ ನೂರಕ್ಕೆ ನೂರು ಪ್ಲೇಸ್‌ಮೆಂಟು.

ಕ್ಲಾಸು ಎಂದರೆ ಮೋಸ ಎಂದೇನಲ್ಲ. ಒಳ್ಳೆಯ ಮೇಷ್ಟರು ಸಿಕ್ಕಿದರೆ ಕೊಟ್ಟ ಹಣ ಸಾರ್ಥಕ. ಆದರೆ ಫೀಸು ಕಟ್ಟುವ ಮೊದಲು ಕಳೆದ ಸಲ ಕಲಿತು ಹೊರಬಿದ್ದವರಲ್ಲಿ ಇಬ್ಬರ ಫೋನ್ ನಂಬರು ಕೇಳಬೇಕು. ನಂಬರು ಕೊಡಲು ತಡಬಡಾಯಿಸಿದರೆ ಮೆಟ್ಟಿಲಿಳಿದು ವಡಾಪಾವ್ ತಿಂದು ಮನೆಗೆ ಬರಬೇಕು. ಕೆಲಸ ಕೊಡಿಸುತ್ತೇವೆ, ಮೊದಲು ಡಿಪಾಸಿಟ್ ಇಡಿ ಅನ್ನುವವನ ಹತ್ತಿರ ವಡಾಪಾವ್ ತಿನ್ನುವಷ್ಟು ಹೊತ್ತೂ ನಿಲ್ಲಬಾರದು. ಸಂಬಳ ಕೊಡಬೇಕಾದವನು ಹಣ ಕೇಳುತ್ತಾನೆಂದರೆ ಅದು ಕೆಲಸವಲ್ಲ. ದುಡ್ಡು ಕಟ್ಟಿಯೇ ಕಲಿಯುವುದಾದರೆ ಖಾರ್ಘರ್‌ನಲ್ಲಿ ಕೇಂದ್ರ ಸರಕಾರದ ಸಿ-ಡ್ಯಾಕ್ ಇದೆ. ಅರ್ಹತೆಯಿದ್ದವರು ಸಿ-ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಅದರ ಆರು ತಿಂಗಳ ಡಿಪ್ಲೊಮಾಕ್ಕೆ ಸೇರಬಹುದು. ದುಡ್ಡಿಲ್ಲದವರಿಗೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರೊಫೆಸರುಗಳ ಪಾಠ ಪುಕ್ಕಟೆ. ಪವಾಯಿಯ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ದನಿಯ ಪಾಠಗಳೂ ಇವೆ. ಇಂಗ್ಲಿಷಿಗೆ ಹೆದರಿ ಪ್ರೋಗ್ರಾಮಿಂಗ್ ಬಿಟ್ಟವರು ಇದನ್ನೊಮ್ಮೆ ನೋಡಬೇಕು.

ಇನ್ನು ಉಳಿದದ್ದು ಚಿಕ್ಕ ಮಾವ. ಕಲ್ಯಾಣದಲ್ಲಿ ಹೋಟೆಲು. ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಸಾವಿರಾರು ಹುಡುಗರಲ್ಲಿ ಅವರೂ ಒಬ್ಬರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಇರದಿದ್ದರೆ ಆ ತಲೆಮಾರಿನ ಎಷ್ಟೋ ಮಂದಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಲೇ ಇರಲಿಲ್ಲ. ಮಾವನಿಗೆ ಜಾವಾ ಗೊತ್ತಿಲ್ಲ, ಪೈಥಾನ್ ಅಂದರೆ ಹೆಬ್ಬಾವು. ಅವರು ಸಲಹೆ ಕೊಡಲಿಲ್ಲ. ಎಣ್ಣೆ ಜಿಡ್ಡು ಹಿಡಿದ ಒಂದು ರಿಜಿಸ್ಟರು ಕೊಟ್ಟರು. "ಇದು ಕಿರಾಣಿ ಲೆಕ್ಕ, ಇದು ತಿಂಗಳ ಊಟದವರ ಉಧಾರಿ. ಇದನ್ನು ಮೊಬೈಲಿನಲ್ಲಿ ಮಾಡಿಕೊಡು ನೋಡುವ."

ಹುಡುಗನಿಗೆ ನಗು ಬಂತು. ಕೂಡಿಸುವುದು, ಕಳೆಯುವುದು, ಒಂದು ಭಾನುವಾರದ ಕೆಲಸ. ಸೋಮವಾರ ಮಾವ ನೂರು ಗ್ರಾಂ ಏಲಕ್ಕಿ ಬರೆದರು, ಆಮೇಲೆ ಇನ್ನೂರು ಗ್ರಾಂ. ಒಟ್ಟು ಎಷ್ಟು ಕಿಲೋ ಎಂದು ಒತ್ತಿದರೆ ಪರದೆಯ ಮೇಲೆ 0.30000000000000004 ಎಂದು ಬಂತು.

"ಈ ಕೊನೆಯ ನಾಲ್ಕು ಯಾರದ್ದು?"

"ಅದು ತುಂಬಾ ಚಿಕ್ಕದು, ಮಾವ."

"ಏಲಕ್ಕಿಯ ರೇಟು ಗೊತ್ತುಂಟಾ ನಿನಗೆ?"

ಆ ನಾಲ್ಕರ ಬೆನ್ನು ಹತ್ತಿದ ರಾತ್ರಿ ಹುಡುಗ ಕಲಿತದ್ದು ಐದು ಭಾಷೆಯ ನಮಸ್ಕಾರಕ್ಕಿಂತ ಹೆಚ್ಚು. ಮೂರರಲ್ಲಿ ಒಂದು ಭಾಗವನ್ನು ನಾವು ದಶಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುತ್ತದೆ. ಕಂಪ್ಯೂಟರು ಎಣಿಸುವುದು ಸೊನ್ನೆ ಮತ್ತು ಒಂದರಲ್ಲಿ; ಅಲ್ಲಿ ಹತ್ತರಲ್ಲಿ ಒಂದು ಭಾಗಕ್ಕೂ ಅದೇ ಗತಿ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹೇಗೆ ಕತ್ತರಿಸುವುದೆಂಬುದಕ್ಕೆ 1985ರಲ್ಲಿ ಐಇಇಇ 754 ಎಂಬ ನಿಯಮವನ್ನೂ ಮಾಡಿದರು. ಆದ್ದರಿಂದ ತೂಕವನ್ನು ಗ್ರಾಂನಲ್ಲಿ, ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುವುದು ಜಾಣತನ. ಮಾವನ ರಿಜಿಸ್ಟರಿನಲ್ಲಿ ಮೊದಲಿನಿಂದಲೂ ಏಲಕ್ಕಿ ಗ್ರಾಂನಲ್ಲೇ ಇತ್ತು ಅನ್ನುವುದು ಬೇರೆ ಮಾತು.

ಅಷ್ಟಕ್ಕೇ ಮುಗಿಯಲಿಲ್ಲ. ಏಪ್ರಿಲ್ ಮೂರರ ಬೇಳೆಯ ಬಿಲ್ಲನ್ನು 03/04 ಎಂದು ಬರೆದರೆ ಬ್ರೌಸರು ಅಮೆರಿಕದ ಕ್ರಮದಲ್ಲಿ ಮಾರ್ಚ್ ನಾಲ್ಕು ಎಂದು ಓದಿತು. ಬೇಳೆ ಹೋಗಿ ಹಿಂದಿನ ಹಣಕಾಸು ವರ್ಷದಲ್ಲಿ ಬಿತ್ತು; ಆಡಿಟರು ಆಗಲೇ ಆ ವರ್ಷದ ಲೆಕ್ಕ ಕಟ್ಟಿಟ್ಟಿದ್ದರು. ಹೆಸರಿಗೆ ಎರಡಕ್ಷರವಾದರೂ ಇರಲೇಬೇಕು, ನಾಲ್ಕಕ್ಷರ ಮೀರಬಾರದು ಎಂದು ಹುಡುಗ ಕಟ್ಟು ಹಾಕಿದ್ದ. "ಶೆಟ್ಟಿ" ಎಂದು ಕನ್ನಡದಲ್ಲಿ ಬರೆದರೆ ಆರಕ್ಷರವೆಂದು ಯಂತ್ರ ತಿರಸ್ಕರಿಸಿತು. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡಿನಲ್ಲಿ ಶಕಾರ, ಎತ್ವ, ಟಕಾರ, ಹಲಂತ, ಮತ್ತೊಂದು ಟಕಾರ, ಗುಡಿಸು ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಲ್ಯಾಣದಲ್ಲಿ ಶೆಟ್ಟಿಯನ್ನು ಒಳಗೆ ಬಿಡದ ಹೋಟೆಲು ನಡೆಯುವುದುಂಟೇ?

ಈ ಅಕ್ಷರದ ತಲೆನೋವನ್ನು ಹುಡುಗನಿಗಿಂತ ಬಹಳ ಮೊದಲು ಮುಂಬಯಿಯಲ್ಲೇ ದುಡಿದ ಇಬ್ಬರು ಕನ್ನಡಿಗರು ಹಚ್ಚಿಕೊಂಡಿದ್ದರು. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸದ ಮೇಲೆಯೇ ಇಂದೂ ಬಹಳಷ್ಟು ಕನ್ನಡ ಟೈಪಿಂಗ್ ನಿಂತಿದೆ; ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಸೇಡಿಯಾಪು ಎಂದು ವಿದ್ವಾಂಸರೊಬ್ಬರ ಹೆಸರಿಟ್ಟು ಪುಕ್ಕಟೆ ಹಂಚಿದರು. ಇನ್ನೊಬ್ಬರು ಯು.ಬಿ. ಪವನಜ. ವಾಶಿ ಖಾಡಿಯ ಆಚೆ ದಡದ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು, ಡಾಕ್ಟರೇಟು ರಸಾಯನಶಾಸ್ತ್ರದಲ್ಲಿ. 1996ರಲ್ಲಿ ವಿಶ್ವಕನ್ನಡ ಎಂಬ ಅಂತರಜಾಲ ಪತ್ರಿಕೆ ತೆರೆದರು, 1997ರಲ್ಲಿ ಕೇಂದ್ರ ಸರಕಾರದ ಆ ಭದ್ರವಾದ ಕೆಲಸವನ್ನೇ ಬಿಟ್ಟರು. ಮುಂದೆ ಮಕ್ಕಳು ಕನ್ನಡದಲ್ಲೇ ಆಜ್ಞೆ ಬರೆದು ಪರದೆಯ ಮೇಲೆ ಆಮೆ ನಡೆಸುವ ಕನ್ನಡ ಲೋಗೋ ಮಾಡಿದರು. ದೊಡ್ಡ ಮಾವ ಅವರಿಗೆ ಸಿಕ್ಕಿದ್ದರೆ ಏನು ಹೇಳುತ್ತಿದ್ದರೆಂದು ಊಹಿಸಬಹುದು. ಕಂಪ್ಯೂಟರ್ ಡಿಗ್ರಿ ಇಲ್ಲದೆ ಈ ಕೆಲಸಕ್ಕೆ ಬರಬಹುದೇ ಎಂದು ಕೇಳುವ ಬಿಕಾಂ ಹುಡುಗಿಯರಿಗೆ ಪವನಜರ ಡಾಕ್ಟರೇಟಿನ ವಿಷಯ ತಿಳಿಸಿದರೆ ಸಾಕು.

ಹುಡುಗನ ಪ್ರೋಗ್ರಾಮಿನಲ್ಲಿ ಇನ್ನೂ ಒಂದು ದೋಷ ಉಳಿದಿತ್ತು: ಊಟದವರ ಪಟ್ಟಿಯಲ್ಲಿ ಒಬ್ಬರ ಬಾಕಿ ಬರುತ್ತಲೇ ಇರಲಿಲ್ಲ. ಮೂರನೆಯ ಮಾಳಿಗೆಯ ಅಣ್ಣನಿಗೆ "ಆಗ್ತಾ ಇಲ್ಲ" ಎಂದು ಮೆಸೇಜು ಹಾಕಿದ. ಉತ್ತರ ಬರಲಿಲ್ಲ. ಬರುವುದೂ ಇಲ್ಲ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಎರರ್ ಏನು ಹೇಳಿತು ಎಂದು ಬರೆದರೆ ಮಾತ್ರ ಐರೋಲಿಯಿಂದ ದಣಿದು ಬಂದವನಿಗೆ ಉತ್ತರಿಸುವ ಮನಸ್ಸಾಗುತ್ತದೆ. ಇಷ್ಟನ್ನು ಬರೆಯುವಷ್ಟರಲ್ಲಿ ಅರ್ಧಕ್ಕರ್ಧ ಸಲ ಉತ್ತರ ತಾನಾಗಿ ಹೊಳೆಯುವುದೂ ಉಂಟು.

1999ರಲ್ಲಿ ಬಂದ "ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್" ಎಂಬ ಪುಸ್ತಕದಲ್ಲಿ, ಕೋಡನ್ನು ಸಾಲುಸಾಲಾಗಿ ಮೇಜಿನ ಮೇಲಿನ ರಬ್ಬರ್ ಬಾತುಕೋಳಿಗೆ ವಿವರಿಸುವ ಉಪಾಯವಿದೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಬಾತುಕೋಳಿಗೆ ಜಾಗವೆಲ್ಲಿ? ಹುಡುಗ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಗೆ ವಿವರಿಸಿದ. "ಒಂದರಿಂದ ಶುರು ಮಾಡಿ ಕೊನೆಯವರೆಗೆ ಒಬ್ಬೊಬ್ಬರದ್ದೇ ಓದುತ್ತದೆ ಅಜ್ಜಿ. ಇದರಲ್ಲಿ ಎಣಿಕೆ ಸೊನ್ನೆಯಿಂದ." ಅಜ್ಜಿ ತಲೆ ಎತ್ತಲಿಲ್ಲ. "ಹಾಗಾದರೆ ಸೊನ್ನೆಯವನಿಗೆ ಊಟ ಧರ್ಮಕ್ಕಾ?" ರಬ್ಬರ್ ಬಾತುಕೋಳಿ ಹೀಗೆ ಕೇಳುವುದಿಲ್ಲ.

ಎಐ ಕೇಳುತ್ತದೆ, ಹೇಳುತ್ತದೆ, ಬರೆದೂ ಕೊಡುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕಾಕಾನ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಹೊಸಬರಿಗೆ ಮೊದಲು ಕೊಡುತ್ತಿದ್ದ ಚಿಲ್ಲರೆ ಕೆಲಸವನ್ನೇ ಅದು ಸಲೀಸಾಗಿ ಮಾಡುತ್ತದೆ. ಆದರೆ ಸಂದರ್ಶನದಲ್ಲಿ ಕೂತವರು ಬೆರಳಿಟ್ಟು "ಈ ಸಾಲು ಇಲ್ಲಿ ಏಕಿದೆ?" ಎಂದಾಗ ಎಐ ಪಕ್ಕದಲ್ಲಿರುವುದಿಲ್ಲ. ಬರೆಸಿಕೊಳ್ಳುವುದಕ್ಕಿಂತ ತಾನು ಬರೆದದ್ದನ್ನು ತೋರಿಸಿ ತಪ್ಪು ಕೇಳುವುದು ಕಲಿಯುವವನಿಗೆ ಒಳಿತು. ಇಷ್ಟಾಗಿಯೂ ಏಲಕ್ಕಿಯ ರೇಟು ಗೊತ್ತುಂಟಾ ಎಂದು ಗದರಿಸಲು ಮಾವನೇ ಬೇಕು.

ಹುಡುಗನಿಗೆ ಕೊನೆಗೆ ಮಹಾಪೆಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಹೆಚ್ಚು ಹೊತ್ತು ನಡೆದದ್ದು ಏಲಕ್ಕಿಯ ಮಾತೇ. ಪ್ಯಾಕೇಜು ಎಷ್ಟೆಂದು ದೊಡ್ಡ ಮಾವ ಕೇಳಿದರು, ವರ್ಷದ್ದು ಹೇಳಿದ. "ಕೈಗೆ ಎಷ್ಟು?" ಪಿಎಫ್, ಗ್ರಾಚ್ಯುಯಿಟಿ, ಇನ್ಶೂರೆನ್ಸು, ಬಂದರೆ ಬರುವ ಬೋನಸ್ಸು ಎಲ್ಲ ಕಳೆದು ಹುಡುಗ ಹೇಳಿದ ಮೊತ್ತ ಕೇಳಿ ಮಾವನಿಗೆ ಸ್ವಲ್ಪ ಸಮಾಧಾನವಾಯಿತು. ಆಫರ್ ಲೆಟರ್ ಬಂದವರೆಲ್ಲ ಈ ಕಳೆಯುವ ಲೆಕ್ಕವನ್ನೂ ಬಾಂಡಿನ ಷರತ್ತನ್ನೂ ಸಹಿ ಹಾಕುವ ಮೊದಲು ಓದಬೇಕು. ಈಗ ದಿನವೂ ಡೊಂಬಿವಲಿಯಿಂದ ಥಾಣೆ, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಹಿಡಿದು ಘನ್ಸೋಲಿ, ಮುಂದೆ ಶೇರ್ ರಿಕ್ಷಾ. 2004ರಲ್ಲಿ ಈ ರೈಲು ಶುರುವಾಗುವ ಮೊದಲು ಲೋಕಲಿನಲ್ಲೇ ಹೋಗುವವರು ಕುರ್ಲಾ ಸುತ್ತಿ ಬರಬೇಕಿತ್ತು. ರೈಲಿನಲ್ಲಿ ನಿಂತು ಕೋಡು ಬರೆಯಲಾಗದು. ಆದರೆ ಫೋನಿನಲ್ಲಿ ಇನ್ನೊಬ್ಬರ ಕೋಡು ಓದಬಹುದು. ಬರೆಯುವುದಕ್ಕಿಂತ ಓದುವುದೇ ಹೆಚ್ಚಿರುವ ಕೆಲಸಕ್ಕೆ ಅದೂ ಅಭ್ಯಾಸವೇ.

ಕಲ್ಯಾಣದಿಂದ ನೆರೂಲ್‌ವರೆಗಿನ ಎಲ್ಲ ಮಾವಂದಿರಲ್ಲಿ, ಅತ್ತೆಯಂದಿರಲ್ಲಿ ಒಂದು ವಿನಂತಿ. ಮನೆಯಲ್ಲಿ ಯಾರಾದರೂ ಪ್ರೋಗ್ರಾಮಿಂಗ್ ಕಲಿಯುತ್ತಿದ್ದರೆ ಯಾವ ಲ್ಯಾಂಗ್ವೇಜ್ ಎಂದು ಕೇಳಬೇಡಿ. ಅಂಗಡಿಯದ್ದೋ ಸೊಸೈಟಿಯದ್ದೋ ಒಂದು ಲೆಕ್ಕದ ಪುಸ್ತಕ ಕೊಡಿ, ಮಾಡಿಕೊಟ್ಟದ್ದನ್ನು ನಿಜವಾಗಿಯೂ ಬಳಸಿ, ತಪ್ಪು ಕಂಡರೆ ದಾಕ್ಷಿಣ್ಯ ಬಿಟ್ಟು ಹೇಳಿ. ಮತ್ತೆ, ರಾತ್ರಿ ಒಂಬತ್ತರ ಧಾರಾವಾಹಿಯ ಸದ್ದು ಒಂಚೂರು ಕಡಿಮೆ ಮಾಡಿ.