ಮೇಷ್ಟರ ಮುಂದಿನ ಪದವಿ

ಮಾಲ್ಡೀವ್ಸಿನ ದ್ವೀಪವೊಂದರಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಬೋಧಿಸುತ್ತಿದ್ದು, ರಜೆಯ ನಿಮಿತ್ತ ಸರಗೂರಿಗೆ ಆಗಮಿಸಿದ್ದ ಮೇಷ್ಟರು, ಕಪಿಲಾ ತೀರದ ಮನೆಯ ಜಗುಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ವಿರಾಜಮಾನರಾಗಿದ್ದ ಸೋದರಮಾವನವರ ಸನ್ನಿಧಿಯಲ್ಲಿ ತಮ್ಮ ಭವಿಷ್ಯವನ್ನು ವಿಚಾರಣೆಗೆ ಒಪ್ಪಿಸಿದರು.

“ಮಾವ, ಅಲ್ಲಿಯ ಒಪ್ಪಂದ ಮುಗಿಯುತ್ತಲಿದೆ. ದಕ್ಷಿಣ ಕೊರಿಯಾಕ್ಕೆ ಹೋಗೋಣವೆಂದರೆ, ಇಂಗ್ಲಿಷ್ ಬೋಧಕರಿಗೆ ಅವರು ಕೊಡುವ ಇ-2 ವೀಸಾದಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ 7 ದೇಶಗಳ ಪ್ರಜೆಗಳಿಗೇ ಅಗ್ರಪೂಜೆ.”

“ಇಂಗ್ಲಿಷಿಗೂ ಗೋತ್ರಪ್ರವರಗಳುಂಟೆನ್ನು! ಪ್ರಾಯಶ್ಚಿತ್ತವೇನೂ ಇಲ್ಲವೆ?”

“ಕೇಂಬ್ರಿಜ್‌ನವರ ಸೆಲ್ಟಾ ಎಂಬ ದೀಕ್ಷೆಯುಂಟು, ಸುಮಾರು 120 ಗಂಟೆಗಳ ವ್ಯಾಸಂಗ. ಆ ಗುರುದಕ್ಷಿಣೆಯಲ್ಲಿ ಜೋಡಿ ಎತ್ತು ಕೊಳ್ಳಬಹುದು. ದೀಕ್ಷೆ ಪಡೆದರೂ ಗೋತ್ರ ಮಾತ್ರ ಬದಲಾಗದು.”

“ಹಾಗಿದ್ದರೆ ಊರಿಗೇ ಬಂದುಬಿಡಪ್ಪ. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಗೇ ಇಂಗ್ಲಿಷ್ ಪ್ರವೇಶಿಸಿದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮವೇ ಪ್ರತಿಷ್ಠಾಪಿತವಾಯಿತು. ಕಲಿಸುವವರು ಬೇಡವೆ?”

“ಬೇಕು, ಆದರೆ ಅದಕ್ಕೆ ಟಿಇಟಿ ಎಂಬ 150 ಅಂಕಗಳ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ವಯೋಮಿತಿಯೊಳಗಿರಬೇಕು. ನನ್ನ ವಯಸ್ಸು ಪರೀಕ್ಷೆಗೆ ಮೊದಲೇ ಅನುತ್ತೀರ್ಣವಾಗಿದೆ.”

ಮಾವನವರು ತಾಂಬೂಲವನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ವರ್ಗಾಯಿಸಿ, ಗಂಭೀರವಾಗಿ ತೀರ್ಪಿತ್ತರು:

“ಎಂದಮೇಲೆ ಸ್ವಂತ ಕಾನ್ವೆಂಟು ತೆರೆ. ಅದರ ಒಡೆಯನನ್ನು ಯಾರೂ ಗೋತ್ರ ಕೇಳರು, ಪರೀಕ್ಷೆ ಕೇಳರು. ಬಸ್ಸಿಗೆ ಹಳದಿ ಬಣ್ಣವಿದೆಯೇ, ಮಗುವಿನ ಕೊರಳಿಗೆ ಟೈ ಇದೆಯೇ ಎಂದಷ್ಟೇ ನೋಡುವರು.”

“ಪಾಠ ಹೇಳುವವರು?”

“ಮಾಲ್ಡೀವ್ಸಿಗೆ ಹೋಗಲು ಹಂಬಲಿಸುತ್ತ, ಅಲ್ಪ ವೇತನಕ್ಕೆ ದುಡಿಯುವ ಎಳೆಯ ಮೇಷ್ಟರುಗಳಿಗೆ ಬರವೇ? ಅವರಿಗೆ ಅನುಭವದ ಪ್ರಮಾಣಪತ್ರವನ್ನು ನೀನೇ ಬರೆದುಕೊಡುವಿಯಂತೆ!”