ಮಂದಿ ಪರ್ಸಿನ ಲೆಕ್ಕ

ಹರಾಜು ಚರ್ಚೆ ಎಂದರೆ ಐಪಿಎಲ್ ತಂಡದ ದುಡ್ಡನ್ನು, ಆ ದುಡ್ಡಿಗೂ ತಮಗೂ ಯಾವ ಸಂಬಂಧವೂ ಇಲ್ಲದವರು ಬಾಯಲ್ಲೇ ಖರ್ಚು ಮಾಡುವ ಕ್ರಿಯೆ. ಹಾವೇರಿ ಜಿಲ್ಲೆಯಲ್ಲಿ ಇದು ಸಾಮಾನ್ಯವಾಗಿ ದೀಪಾವಳಿ ಮುಗಿದ ಮೇಲೆ ಮೊಳೆತು, ಹರಾಜಿನ ದಿನ ಉಲ್ಬಣಿಸಿ, ಮಾರ್ಚ್‌ನಲ್ಲಿ ಪಂದ್ಯಗಳು ಶುರುವಾದೊಡನೆ ಬೈಗುಳದ ರೂಪ ತಾಳುತ್ತದೆ. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಚಾರ್ಜ್ ಇರುವ ಒಂದು ಮೊಬೈಲ್, ಮಂಡಕ್ಕಿ-ಮಿರ್ಚಿ, ಎದುರಿಗೊಬ್ಬ ಒಪ್ಪದ ಮನುಷ್ಯ. ಚರ್ಚಿಸುವವರ ಸ್ವಂತ ಕಿಸೆಯ ಸ್ಥಿತಿ ಅಪ್ರಸ್ತುತ. ಸೊಸೈಟಿ ಸಾಲದ ಕಂತು ಕಟ್ಟದವರೂ “ಹನ್ನೊಂದು ಕೋಟಿ ಅಂದ್ರ ಅಗ್ಗಾತು ಬಿಡ್ರಿ” ಎನ್ನಲು ಅರ್ಹರು. ಈ ಪ್ರಬಂಧದ ಲೇಖಕನೂ ಇದೇ ವರ್ಗಕ್ಕೆ ಸೇರಿದವನು. ಆತನ ಮನೆಯ ಕಿರಾಣಿ ಲೆಕ್ಕವನ್ನು ಹೆಂಡತಿ ನೋಟ್‌ಬುಕ್ಕಿನ ಮುಂದಿನಿಂದ ಬರೆಯುತ್ತಾಳೆ, ಆರ್‌ಸಿಬಿಯ ಲೆಕ್ಕವನ್ನು ಆತ ಅದೇ ನೋಟ್‌ಬುಕ್ಕಿನ ಹಿಂದಿನಿಂದ ಬರೆಯುತ್ತಾನೆ. ಎರಡೂ ಲೆಕ್ಕ ನಡುಹಾಳೆಯಲ್ಲಿ ಸಂಧಿಸಿದ ದಿನ ಏನಾಗುತ್ತದೆಂಬುದು ಈ ಬರಹದ ವ್ಯಾಪ್ತಿಗೆ ಹೊರತು.

ಚರ್ಚೆಯ ಬುಡದಲ್ಲಿರುವುದು ಪರ್ಸ್. ಒಂದು ತಂಡ ಆಟಗಾರರ ಮೇಲೆ ಇಂತಿಷ್ಟೇ ಸುರಿಯಬಹುದೆಂದು ಐಪಿಎಲ್ ಮೊದಲೇ ಗೆರೆ ಎಳೆದುಬಿಡುತ್ತದೆ. 2008ರಲ್ಲಿ ಅದು 50 ಲಕ್ಷ ಡಾಲರ್, 2022ರಲ್ಲಿ 90 ಕೋಟಿ ರೂಪಾಯಿ, 2025ರ ಆವೃತ್ತಿಗೆ 120 ಕೋಟಿ. ಅಷ್ಟರಲ್ಲಿ ಕನಿಷ್ಠ 18, ಗರಿಷ್ಠ 25 ಮಂದಿಯನ್ನು ಕೂಡಿಸಬೇಕು; ಅವರಲ್ಲಿ ವಿದೇಶದವರು ಎಂಟಕ್ಕಿಂತ ಹೆಚ್ಚಿರಬಾರದು, ಮೈದಾನಕ್ಕಿಳಿಯುವ ಹನ್ನೊಂದರಲ್ಲಿ ನಾಲ್ವರನ್ನು ಮೀರಬಾರದು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹೀಗೆ ಕಟ್ಟುನಿಟ್ಟಿನ ಮಿತಿ ಇಲ್ಲ. ಗೊತ್ತುಪಡಿಸಿದ ಮೊತ್ತ ದಾಟಿದ ತಂಡ ತೆರಿಗೆ ಕಟ್ಟಿ ಮುಂದೆ ಹೋಗುತ್ತದೆ. ಲಾಸ್ ಏಂಜಲೀಸ್ ಡಾಜರ್ಸ್ ತಂಡ 2023ರ ಡಿಸೆಂಬರ್‌ನಲ್ಲಿ ಶೋಹೆಯಿ ಒಹ್ತಾನಿಯನ್ನು ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಗೊತ್ತು ಮಾಡಿ, ಅದರಲ್ಲಿ 68 ಕೋಟಿಯನ್ನು ಆ ಹತ್ತು ವರ್ಷ ಮುಗಿದ ಮೇಲೆ ಕೊಡುವುದಾಗಿ ಒಪ್ಪಂದ ಮಾಡಿಕೊಂಡಿತು. ಇಷ್ಟು ದೊಡ್ಡ ಉದ್ರಿ ನಮ್ಮ ಜಿಲ್ಲೆಯ ಮೆಣಸಿನಕಾಯಿ ಪೇಟೆ ಬ್ಯಾಡಗಿಯ ಯಾವ ದಲಾಲಿ ಅಂಗಡಿಯ ಖಾತೆಪುಸ್ತಕದಲ್ಲೂ ಇರಲಾರದು.

ಆರ್‌ಸಿಬಿಯ ಪೂರ್ವೇತಿಹಾಸ ಜಿಲ್ಲೆಯ ಮಕ್ಕಳಿಗೂ ಬಾಯಿಪಾಠವಾದ್ದರಿಂದ ಇಲ್ಲಿ ಓಡಿಸಿಕೊಂಡು ಹೋಗಬಹುದು. ಮೊದಲ ವರ್ಷ ದ್ರಾವಿಡ್, ಕಾಲಿಸ್, ಚಂದ್ರಪಾಲ್, ಜಾಫರ್ ಎಂದು ಟೆಸ್ಟ್ ತಂಡವನ್ನೇ ಕಟ್ಟಿದ್ದು. ಏಪ್ರಿಲ್ 18ರ ಮೊದಲ ಪಂದ್ಯದಲ್ಲೇ ಮೆಕಲಮ್ 158 ಬಾರಿಸಿದ್ದು, ಉತ್ತರವಾಗಿ ನಮ್ಮವರು 82ಕ್ಕೆ ಮುದುಡಿದ್ದು. 2009, 2011, 2016ರ ಫೈನಲ್ ಸೋಲುಗಳು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ, 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ. 2022ರಲ್ಲಿ ಚಹಲ್ ಕೈಬಿಟ್ಟು ಹೋಗಿ ರಾಜಸ್ಥಾನದ ಪಾಲಾಗಿದ್ದು. ಇನ್ನೊಂದು ಕಡೆ, ದುಡ್ಡು ಕಡಿಮೆ ಹಾಕಿದಲ್ಲೆಲ್ಲ ಬಂಗಾರ ಸಿಕ್ಕಿದ್ದು: 2008ರಲ್ಲಿ 19 ವರ್ಷದೊಳಗಿನವರ ಪಟ್ಟಿಯಿಂದ 30 ಸಾವಿರ ಡಾಲರ್‌ಗೆ ಬಂದ ಹುಡುಗ ವಿರಾಟ್ ಕೊಹ್ಲಿ, 2011ರ ಹರಾಜಿನಲ್ಲಿ ಯಾರಿಗೂ ಬೇಡವಾಗಿ, ಗಾಯಗೊಂಡ ಡರ್ಕ್ ನಾನೆಸ್‌ನ ಜಾಗಕ್ಕೆ ಬಂದವನು ಕ್ರಿಸ್ ಗೇಲ್, 2022ರಲ್ಲಿ ಮಾರಾಟವಾಗದೆ ಉಳಿದು, ಬದಲಿಯಾಗಿ 20 ಲಕ್ಷಕ್ಕೆ ಬಂದು ಎಲಿಮಿನೇಟರ್‌ನಲ್ಲಿ 112 ಹೊಡೆದವನು ರಜತ್ ಪಾಟೀದಾರ್. ತಂಡ ಹರಾಜಿಗೆ ಹೋಗದಿದ್ದರೇ ಒಳ್ಳೆಯದೆಂಬ ಒಂದು ಸಿದ್ಧಾಂತ ಈ ಪಟ್ಟಿಯಿಂದಲೇ ಹುಟ್ಟಿತು.

ಸಿದ್ಧಾಂತಗಳು ಊರಿಂದ ಊರಿಗೆ ಬದಲಾಗುತ್ತವೆ. ಹಾವೇರಿ ಜಿಲ್ಲಾ ಕೇಂದ್ರ. ಅಲ್ಲಿ ಕಚೇರಿಯ ಮಂದಿ ಜಾಸ್ತಿ, ಹಾಗಾಗಿ ಅಲ್ಲಿಯ ಚರ್ಚೆ ನಿಯಮದ ಮೇಲೆ ನಿಲ್ಲುತ್ತದೆ. ಬೇರೆಯವರು ಕೂಗಿದ ಬೆಲೆಯನ್ನು ಸರಿಗಟ್ಟಿ ತನ್ನ ಹಳೆಯ ಆಟಗಾರನನ್ನು ಮರಳಿ ಪಡೆಯುವ ರೈಟ್ ಟು ಮ್ಯಾಚ್ ಕಾರ್ಡ್ ಎಷ್ಟು ಉಳಿದಿದೆ, ಯಾವ ಉಪನಿಯಮದಡಿ ಬಳಸಬಹುದು ಎಂಬುದನ್ನು ಅವರು ಸುತ್ತೋಲೆ ಓದಿದ ಗಾಂಭೀರ್ಯದಲ್ಲಿ ಹೇಳುತ್ತಾರೆ. ರಾಣೇಬೆನ್ನೂರು ಬೀಜದ ವ್ಯಾಪಾರದ ಊರು. ಅಲ್ಲಿ ಹೊಸ ಹುಡುಗರ ಮೇಲೆ ನಂಬಿಕೆ ಹೆಚ್ಚು. ಜೊತೆಗೆ ಪಕ್ಕದ ದಾವಣಗೆರೆಯ ವಿನಯ್ ಕುಮಾರ್ ಆರ್‌ಸಿಬಿಯ ಮೊದಲ ಮೂರು ಆವೃತ್ತಿ ಆಡಿದ ನೆನಪಿನ್ನೂ ಹಸಿ ಇದ್ದು, “ನಮ್ಮ ಹುಡುಗರು ಎಲ್ಲಿ?” ಎಂಬ ಪ್ರಶ್ನೆ ಅಲ್ಲೇ ಜೋರು. ಕೆ.ಎಲ್. ರಾಹುಲ್ 2018ರಲ್ಲಿ 11 ಕೋಟಿಗೆ ಪಂಜಾಬ್‌ಗೆ, 2025ಕ್ಕೆ 14 ಕೋಟಿಗೆ ಡೆಲ್ಲಿಗೆ ಹೋಗಿದ್ದನ್ನು ಅಲ್ಲಿ ಹೇಳುವವರ ಮುಖ ಗದ್ದೆಯ ಬದು ಒತ್ತುವರಿಯಾದವರ ಮುಖದ ಹಾಗಿರುತ್ತದೆ. ಬ್ಯಾಡಗಿಯವರು ಮಾತ್ರ ಮಾಲು ನೋಡಿ ಮಾತಾಡುವವರು. ಮೆಣಸಿನಕಾಯಿಯನ್ನು ಮುರಿದು, ಅಂಗೈಯಲ್ಲಿ ಉಜ್ಜಿ, ಬಣ್ಣ ನೋಡಿ, ತೇವ ಎಷ್ಟಿದೆಯೆಂದು ಹೇಳುವ ಕೈಗಳು ಅವು. ಯಾವ ಬೌಲರ್‌ನ ಬೆನ್ನಿಗೆ ಎಷ್ಟು ವರ್ಷದ ಆಯುಷ್ಯವಿದೆಯೆಂದು ಅವರು ಟಿ.ವಿ. ನೋಡಿಯೇ ಹೇಳಬಲ್ಲರು; ಹೇಳುತ್ತಾರೆ ಕೂಡ.

ಈ ಮೂರೂ ಊರಲ್ಲಿ ಸಮಾನವಾಗಿ ಕಾಣುವ ಒಂದು ಉಪದ್ರವವಿದೆ. ಪರ್ಸೆಲ್ಲ ಮುಗಿದು, ತಂಡ ಪೂರ್ತಿಯಾಗಿ, ನಾಲ್ಕು ಜನ ತಲೆ ಕೆಡಿಸಿಕೊಂಡು ಹನ್ನೊಂದರ ಪಟ್ಟಿ ಬರೆಯುತ್ತಿರುವಾಗ ಒಬ್ಬ ಬಂದು ಚಹಾ ಹೇಳಿ, “ಅಲ್ರೀ, ಬುಮ್ರಾನ್ನ ತಗೋಬೇಕಿತ್ತಲ್ರೀ” ಎನ್ನುತ್ತಾನೆ. ಬುಮ್ರಾನನ್ನು ಮುಂಬೈ 18 ಕೋಟಿ ಕೊಟ್ಟು ಉಳಿಸಿಕೊಂಡಿತ್ತು, ಆತ ಹರಾಜಿಗೇ ಬಂದಿರಲಿಲ್ಲ ಎಂದರೆ, “ಹಂಗಾರ ಇನ್ನೂ ಎರಡು ಕೋಟಿ ಹೆಚ್ಚಿಗಿ ಕೊಡಬೇಕಿತ್ತು” ಎನ್ನುತ್ತಾನೆ. ಇಂಥವರ ಚಹಾದ ದುಡ್ಡನ್ನೂ ಸಾಮಾನ್ಯವಾಗಿ ಬೇರೆಯವರೇ ಕೊಟ್ಟಿರುತ್ತಾರೆ.

ಹರಾಜು ಚರ್ಚೆಯ ಪೂರ್ಣ ಲಕ್ಷಣಗಳನ್ನು ಒಂದೇ ಕಡೆ ಕಾಣಬೇಕೆಂದರೆ 2024ರ ನವೆಂಬರ್ 24ರ ಭಾನುವಾರ ಸಂಜೆಯನ್ನು, ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯನ್ನು ತೆಗೆದುಕೊಳ್ಳಬಹುದು. ಜೆಡ್ಡಾದಲ್ಲಿ ಮೆಗಾ ಹರಾಜಿನ ಮೊದಲ ದಿನ. ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡ ಆರ್‌ಸಿಬಿ 83 ಕೋಟಿಯೊಂದಿಗೆ ಕೂತಿತ್ತು. ಬ್ಯಾಡಗಿಯಲ್ಲಿ ಸೋಮವಾರದ ಟೆಂಡರ್‌ಗೆಂದು ಬಂದಿಳಿದಿದ್ದ ಚೀಲಗಳ ಮೇಲೆ ಅಂಗಡಿಯ ಸಾವ್ಕಾರ್ರು, ಇಬ್ಬರು ಹಮಾಲರು, ಡಿಗ್ರಿ ಓದುವ ಒಬ್ಬ ಹುಡುಗ ಮತ್ತು ಈ ಪ್ರಬಂಧದ ಲೇಖಕ ಕೂತಿದ್ದರು. ಮೊಬೈಲನ್ನು ತಕ್ಕಡಿಗೆ ಆನಿಸಿ ನಿಲ್ಲಿಸಲಾಗಿತ್ತು. ಪಕ್ಕದ ಅಂಗಡಿಯಲ್ಲಿ ಟಿ.ವಿ. ಇತ್ತು. ಮೊಬೈಲಿನ ಚಿತ್ರ ಟಿ.ವಿ.ಗಿಂತ ಹಿಂದೆ ಬೀಳುವುದರಿಂದ ಜೆಡ್ಡಾದಲ್ಲಿ ಆದದ್ದು ಗೋಡೆಯಾಚೆಗೆ ಮೊದಲು, ಈಚೆಗೆ ಆಮೇಲೆ ಆಗುತ್ತಿತ್ತು. ಆಚೆಯವರು “ಅಯ್ಯಯ್ಯೋ!” ಎಂದರೆ ಈಚೆಯವರು ಕಾರಣ ಗೊತ್ತಾಗುವ ಮೊದಲೇ ಸಂಕಟಪಡಬೇಕಿತ್ತು.

ವೆಂಕಟೇಶ್ ಅಯ್ಯರ್ ಹೆಸರು ಬಂತು. ಮೂಲ ಬೆಲೆ 2 ಕೋಟಿ. ಕೋಲ್ಕತ್ತ ಆಗಲೇ ಆರು ಮಂದಿಯನ್ನು ಉಳಿಸಿಕೊಂಡಿದ್ದರಿಂದ ಅದರ ಬಳಿ ರೈಟ್ ಟು ಮ್ಯಾಚ್ ಕಾರ್ಡ್ ಇರಲಿಲ್ಲ. ತನ್ನದೇ ಆಟಗಾರನನ್ನು ಸಂತೆಯಲ್ಲೇ ಕೊಳ್ಳಬೇಕಿತ್ತು. ಕೊನೆಗೆ ಉಳಿದವರು ಕೋಲ್ಕತ್ತ ಮತ್ತು ಬೆಂಗಳೂರು. 25 ಲಕ್ಷ, 25 ಲಕ್ಷ ಎಂದು ಬೆಲೆ ಏರತೊಡಗಿತು. ಹತ್ತು ಕೋಟಿಯವರೆಗೆ ಅಂಗಡಿಯಲ್ಲಿ ಹುಮ್ಮಸ್ಸಿತ್ತು. ಹದಿನೈದಕ್ಕೆ ಹಮಾಲರಲ್ಲೊಬ್ಬ ಬೀಡಿ ಆರಿಸಿದ. ಹದಿನೆಂಟಕ್ಕೆ ಸಾವ್ಕಾರ್ರ ತಾಳ್ಮೆ ಹೋಯಿತು.

“ಏ ತಮ್ಮಾ, ಭಾಳಾತು, ಬಿಡಂತ ಹೇಳೋ ಅವ್ರಿಗೆ!”

“ನಾ ಹೇಳಿದ್ರ ಎಲ್ಲಿ ಕೇಳ್ತಾರ್ರೀ ಕಾಕಾ? ಅವ್ರು ಜೆಡ್ಡಾದಾಗ ಅದಾರ.”

ಸಾವ್ಕಾರ್ರು ಕ್ಯಾಲ್ಕುಲೇಟರ್ ತೆಗೆದರು. ಕ್ವಿಂಟಲ್‌ಗೆ 25 ಸಾವಿರ ಹಿಡಿದರೂ ಒಂದೊಂದು ಸಲ ಕೈ ಎತ್ತಿದಾಗ ನೂರು ಕ್ವಿಂಟಲ್ ಕಾಯಿ ಹೋಗುತ್ತಿದೆಯೆಂದು ಲೆಕ್ಕ ಹಾಕಿ ತೋರಿಸಿದರು. ಅಲ್ಲಿಂದ ಮುಂದೆ ಅಂಗಡಿಯಲ್ಲಿ ಯಾರೂ ಕೋಟಿಯಲ್ಲಿ ಮಾತಾಡಲಿಲ್ಲ. “ಹೋತು ನೋಡ್ರಿ, ಮತ್ತೊಂದು ನೂರು ಕ್ವಿಂಟಲ್.” “ಕೋಲ್ಕತ್ತಾದವರು ನೂರು ಹಾಕಿದ್ರು.” “ಅಯ್ಯ, ನಮ್ಮವ್ರು ಮತ್ತ ನೂರು!” ಬೆಲೆ 20 ದಾಟಿದಾಗ ಲೇಖಕ ಎದ್ದು ನಿಂತಿದ್ದ. ಆತನ ಆಗಿನ ನಿಲುವು ಸ್ಪಷ್ಟ: ಆರ್‌ಸಿಬಿ ಬಿಡಬೇಕು, ಕೋಲ್ಕತ್ತ ಎತ್ತಬೇಕು. ಆ ಉದ್ದೇಶಕ್ಕಾಗಿ ಆತ ಚೀಲದಿಂದ ಒಂದು ಉದ್ದನೆಯ ಕಡ್ಡಿ ಮೆಣಸಿನಕಾಯಿ ಹಿರಿದು, ಅದನ್ನೇ ಪ್ಯಾಡಲ್ ಮಾಡಿ, ಕೋಲ್ಕತ್ತದ ಪರವಾಗಿ ಮೊಬೈಲಿನ ಮುಂದೆ ಎತ್ತಿ ಹಿಡಿಯತೊಡಗಿದ. ಹರಾಜು ನಡೆಸುತ್ತಿದ್ದ ಮಲ್ಲಿಕಾ ಸಾಗರ್ ಆತನತ್ತ ನೋಡಲಿಲ್ಲ. 23 ಕೋಟಿ 50 ಲಕ್ಷಕ್ಕೆ ಆರ್‌ಸಿಬಿ ಕೈ ಎತ್ತಿತು. ಅಂದರೆ 9,400 ಕ್ವಿಂಟಲ್. ಅದೇ ಗಳಿಗೆಗೆ ಗೋಡೆಯಾಚೆ ಗದ್ದಲವೆದ್ದಿತು. ಅದು ಸಂತೋಷದ್ದೋ ಸಂಕಟದ್ದೋ ತಿಳಿಯಲಿಲ್ಲ. ಲೇಖಕ ಉದ್ವೇಗದಲ್ಲಿ ಅದೇ ಕೈಯಿಂದ ಕಣ್ಣೊರೆಸಿಕೊಂಡ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಲೋಕಪ್ರಸಿದ್ಧ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದರೆ ಖಾರ ಕಡಿಮೆ ಎಂಬ ಮಾತು ನಾಲಗೆಗೆ ಅನ್ವಯಿಸುತ್ತದೆಯೇ ಹೊರತು ಕಣ್ಣಿಗಲ್ಲ. ಕೋಲ್ಕತ್ತ 23 ಕೋಟಿ 75 ಲಕ್ಷಕ್ಕೆ ಅಯ್ಯರ್‌ನನ್ನು ಕೊಂಡ ಐತಿಹಾಸಿಕ ದೃಶ್ಯ ಲೇಖಕನಿಗೆ ಕಾಣಲಿಲ್ಲ, ಕೇಳಿಸಿತು. ಆತ ಹಮಾಲರ ತಂಬಿಗೆಯ ನೀರಿಗೆ ತಡಕಾಡುತ್ತ, ಎರಡೂ ಕಣ್ಣಿಂದ ಧಾರಾಕಾರ ಸುರಿಸುತ್ತ ನಿಂತಿದ್ದಾಗ ಗೋಡೆಯಾಚೆಯಿಂದ ಒಬ್ಬರು ಇಣುಕಿ, “ಅಯ್ಯರ್ ತಪ್ಪಿದ್ದಕ್ಕ ಇಷ್ಟ್ಯಾಕ ಅಳ್ತೀರಿ ಸರ್, ನಾಳೆ ಇನ್ನೂ ಐತಿ” ಎಂದು ಸಮಾಧಾನ ಹೇಳಿ ಹೋದರು. ನಿಷ್ಠಾವಂತ ಅಭಿಮಾನಿ ಎಂಬ ಹೆಸರು ಆತನಿಗೆ ಬ್ಯಾಡಗಿಯಲ್ಲಿ ಬಂದಿದ್ದು ಹೀಗೆ.

ಜೆಡ್ಡಾದ ಹರಾಜಿಗೂ ಬ್ಯಾಡಗಿಯ ಟೆಂಡರ್‌ಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳುವುದು ಅಗತ್ಯ. ಜೆಡ್ಡಾದಲ್ಲಿ ಎಲ್ಲರೆದುರು ಕೂಗಿ ಏರಿಸುತ್ತಾರೆ. ಬೇಕಿಲ್ಲದವನೂ ಎದುರಾಳಿಯ ಪರ್ಸ್ ಸೋರಲಿ ಎಂದು ಒಂದಿಷ್ಟು ದೂರ ಎತ್ತಿ ಬಿಡಬಹುದು. ಅಯ್ಯರ್ ವಿಷಯದಲ್ಲಿ ಆರ್‌ಸಿಬಿ ಮಾಡಿದ್ದು ಇದೇ ಎಂದು ಒಂದು ಪಂಗಡ ಇಂದಿಗೂ ಸಾಧಿಸುತ್ತದೆ. ಬ್ಯಾಡಗಿಯಲ್ಲಿ ಖರೀದಿದಾರರು ರಾಶಿ ನೋಡಿಕೊಂಡು, ತಮ್ಮ ದರವನ್ನು ಇನ್ನೊಬ್ಬರಿಗೆ ಗೊತ್ತಾಗದಂತೆ ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಎಲ್ಲಕ್ಕಿಂತ ಹೆಚ್ಚು ಹಾಕಿದವರಿಗೆ ಮಾಲು. ಇನ್ನೊಂದು ವ್ಯತ್ಯಾಸ ದೊಡ್ಡದು. ಹರಾಜಾದ ಆಟಗಾರ ಸರಿಯಾದ ಕಾರಣವಿಲ್ಲದೆ ಹಿಂದೆ ಸರಿದರೆ ಎರಡು ವರ್ಷ ನಿಷೇಧ. 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ ಹಾಗೇ ಆಯಿತು. ರೈತ ದರ ಒಪ್ಪಿಗೆಯಾಗದಿದ್ದರೆ ಒಲ್ಲೆ ಎನ್ನಬಹುದು, ಚೀಲವನ್ನು ಕೋಲ್ಡ್ ಸ್ಟೋರೇಜಿಗೆ ಒಯ್ಯಬಹುದು. ಕಾಗದದ ಮೇಲೆ ಇದು ಸ್ವಾತಂತ್ರ್ಯವೇ. ಸಾಲಗಾರನಿಗೆ ಕಾಯುವ ತಾಕತ್ತು ಎಲ್ಲಿಂದ ಬರಬೇಕು? 2024ರ ಮಾರ್ಚ್ 11ರ ಸೋಮವಾರ ದರ ಏಕಾಏಕಿ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಇದೇ ಎಪಿಎಂಸಿ ಕಚೇರಿಗೆ ನುಗ್ಗಿದ್ದರು, ವಾಹನಗಳು ಸುಟ್ಟು ಕರಕಲಾಗಿದ್ದವು. ಅದಾದ ಎಂಟು ತಿಂಗಳಿಗೆ, ಅದೇ ಮಾರುಕಟ್ಟೆಯ ಚೀಲಗಳ ಮೇಲೆ ಕೂತು ನೂರು ಕ್ವಿಂಟಲ್‌ನ ತಮಾಷೆ ಮಾಡಿದ್ದು. ಆ ಸಂಜೆ ಕ್ಯಾಲ್ಕುಲೇಟರ್ ಒಳಗಿಡುವಾಗ ಸಾವ್ಕಾರ್ರು ನಗುತ್ತಿರಲಿಲ್ಲ.

ಅಯ್ಯರ್ ತಪ್ಪಿದ ದುಡ್ಡು ಎಲ್ಲಿ ಹೋಯಿತೆಂಬುದು ನಂತರದ ಚರ್ಚೆಯ ವಸ್ತು. ಹೇಜಲ್‌ವುಡ್‌ಗೆ 12.5 ಕೋಟಿ, ಫಿಲ್ ಸಾಲ್ಟ್‌ಗೆ 11.5, ಜಿತೇಶ್ ಶರ್ಮಾಗೆ 11, ಭುವನೇಶ್ವರ್‌ಗೆ 10.75, ಕೃಣಾಲ್ ಪಾಂಡ್ಯಗೆ 5.75, ಟಿಮ್ ಡೇವಿಡ್‌ಗೆ 3. ಮೊದಲ ದಿನ ಯಾರೂ ಕೇಳದ ದೇವದತ್ತ ಪಡಿಕ್ಕಲ್ ಎರಡನೇ ದಿನ ಮೂಲ ಬೆಲೆ 2 ಕೋಟಿಗೆ ಬಂದ. ಒಬ್ಬ ದೊಡ್ಡ ಹೆಸರಿಗೆ ಸುರಿಯುವ ಬದಲು ಹತ್ತು ಕಡೆ ಹಂಚಿದ, ಅದರಲ್ಲೂ ಬೌಲರ್‌ಗಳ ಕಡೆ ಕೈ ಬಿಚ್ಚಿದ ಲೆಕ್ಕವಿದು. ಆವತ್ತು ಜಿಲ್ಲೆಯ ಒಮ್ಮತದ ತೀರ್ಪು, “ಈ ಸಲಾನೂ ಹೋತು” ಎಂಬುದಾಗಿತ್ತು. ಜಿತೇಶ್‌ಗೆ 11 ಕೋಟಿ ಎಂಬುದು ಹಾವೇರಿಯ ಕಚೇರಿಗಳಲ್ಲಿ ಹಣಕಾಸು ಅವ್ಯವಹಾರದ ಮಟ್ಟದಲ್ಲಿ ಚರ್ಚೆಯಾಯಿತು. ಮುಂದಿನ ಮೇ ತಿಂಗಳಲ್ಲಿ ಆತ ಲಖನೌ ವಿರುದ್ಧ 33 ಎಸೆತಕ್ಕೆ 85 ಹೊಡೆದಾಗ, ಅದನ್ನು ಮೊದಲೇ ಹೇಳಿದ್ದವರ ಸಂಖ್ಯೆ ಜಿಲ್ಲೆಯ ಜನಸಂಖ್ಯೆಗೆ ಸಮನಾಗಿತ್ತು.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್‌ನಿಂದ ಮಣಿಸಿ ಕಪ್ ಎತ್ತಿತು. 2009ರ ಫೈನಲ್ ಸೋತಿದ್ದೂ 6 ರನ್‌ನಿಂದಲೇ. ಪಂದ್ಯಶ್ರೇಷ್ಠ, ನಾಲ್ಕು ಓವರ್‌ಗೆ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ. ಮರುದಿನ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಆಟಗಾರನ ಬೆಲೆಯನ್ನು 25 ಲಕ್ಷದ ಮೆಟ್ಟಿಲಿನಲ್ಲಿ ಅಳೆಯಬಲ್ಲವರು ಗೇಟಿನ ಹೊರಗೆ ಎಷ್ಟು ಜನ ನಿಂತಿದ್ದಾರೆಂದು ಎಣಿಸಿರಲಿಲ್ಲ. ಆ ವಾರ ಮೂರೂ ಊರಿನ ಚಹಾದಂಗಡಿಗಳಲ್ಲಿ ಪರ್ಸಿನ ಮಾತು ಯಾರೂ ಎತ್ತಲಿಲ್ಲ.

ಚರ್ಚೆ ಮತ್ತೆ ಕಣ್ಣು ಬಿಟ್ಟಿದ್ದು 2025ರ ಡಿಸೆಂಬರ್ 16ರ ಅಬುಧಾಬಿ ಹರಾಜಿಗೆ. ಅಂದು ಆರ್‌ಸಿಬಿ ಅದೇ ವೆಂಕಟೇಶ್ ಅಯ್ಯರ್‌ನನ್ನು 7 ಕೋಟಿಗೆ ಕೊಂಡಿತು. ಹಿಂದಿನ ವರ್ಷ ಬಿಟ್ಟಿದ್ದೇ ಜಾಣತನ ಎಂದವರೂ, ಅವನು ಬೇಕೇ ಬೇಕಿತ್ತು ಎಂದವರೂ ಒಂದೇ ದಿನ ಗೆದ್ದರು. ಸಾವ್ಕಾರ್ರ ಲೆಕ್ಕದಲ್ಲಿ ಇದು 2,800 ಕ್ವಿಂಟಲ್. ಮುಂದಿನ ಹರಾಜಿಗೆ ಬ್ಯಾಡಗಿಗೆ ಬರುವವರಿಗೆ ಚೀಲದ ಮೇಲೆ ಜಾಗವಿದೆ, ಚಹಾವೂ ಸಿಗುತ್ತದೆ; ಬುಮ್ರಾ ಪಟ್ಟಿಯಲ್ಲಿ ಇದ್ದಾನೋ ಇಲ್ಲವೋ ಎಂಬುದನ್ನಷ್ಟು ನೋಡಿಕೊಂಡು ಬರಬೇಕು.