ನಡುಮನೆ ವಾಣಿಜ್ಯ ಮೀಮಾಂಸೆ: ಪಿನ್‌ಕೋಡ್ 560096ರ ಒಂದು ಹಾಲಿನ ಕ್ಷೇತ್ರಾಧ್ಯಯನ

ನಂದಿನಿ ಲೇಔಟಿಗೆ ಆ ಹೆಸರು ಹಾಲಿನ ಪ್ಯಾಕೆಟ್ಟಿನಿಂದ ಬಂತೋ ಹಸುವಿನಿಂದ ಬಂತೋ ಎಂಬ ಬಗ್ಗೆ ನಮ್ಮ ಬೀದಿಯ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬೆಳಿಗ್ಗೆ ಆರಕ್ಕೆ ಹಾಲಿನ ಬೂತಿನ ಮುಂದೆ ನಿಲ್ಲುವವರೆಲ್ಲ ಪ್ಯಾಕೆಟ್ ಪಕ್ಷ. ಪ್ರಸ್ತುತ ಪ್ರಬಂಧಕಾರನದು ಹಸುವಿನ ಪಕ್ಷ. ಕಾರಣ ಇಷ್ಟೆ, ಹಸು ಇಲ್ಲದೆ ಈ ಪ್ರಬಂಧಕ್ಕೆ ಪೀಠಿಕೆ ಸಿಗುವುದಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ವಸಿಷ್ಠರ ಪ್ರಸಂಗ ಬರುತ್ತದೆ. ಅವರದು ಮನೆಯಿಂದಲೇ ಕೆಲಸ. ಬೇಕೆಂದದ್ದನ್ನು ಬೇಕೆಂದಾಗ ಕರೆಯುವ ನಂದಿನಿ ಎಂಬ ಹಸು ಆಶ್ರಮದಲ್ಲಿತ್ತು. ಗೋಡೌನ್ ಇಲ್ಲ, ಅಡ್ವಾನ್ಸ್ ಇಲ್ಲ, ಸ್ಟಾಕು ಉಳಿದೀತೆಂಬ ಭಯವಿಲ್ಲ. ವಿಶ್ವಾಮಿತ್ರ ಪರಿವಾರಸಮೇತ ಬಂದ, ಹೊಟ್ಟೆತುಂಬ ಉಂಡ, ಕೈ ತೊಳೆದುಕೊಂಡು ‘ಹಸುವನ್ನೇ ಕೊಟ್ಟುಬಿಡಿ, ಬದಲಿಗೆ ರಾಜ್ಯ ತಗೊಳ್ಳಿ’ ಅಂದ. ಒಪ್ಪದಿದ್ದಾಗ ಬಲಾತ್ಕಾರಕ್ಕಿಳಿದ. ಹಸು ತನ್ನ ಮೈಯಿಂದಲೇ ಸೈನ್ಯ ಹುಟ್ಟಿಸಿ ಅವನನ್ನು ಓಡಿಸಿತು. ಮನೆಯಲ್ಲಿ ಕೂತು ಮಾಡುವ ವ್ಯಾಪಾರಕ್ಕೆ ಮೊದಲು ಗಿರಾಕಿಗಳು ಬರುತ್ತಾರೆ, ಆಮೇಲೆ ವಿಶ್ವಾಮಿತ್ರರು ಬರುತ್ತಾರೆ ಎಂಬ ನಿಯಮ ಇಲ್ಲಿಂದ ಸಿದ್ಧವಾಗುತ್ತದೆ. ನಮ್ಮ ಅಧ್ಯಯನ ಇನ್ನೂ ಗಿರಾಕಿಗಳ ಹಂತದಲ್ಲಿದೆ.

ಅಧ್ಯಾಯ 1: ಕ್ಷೇತ್ರ ಪರಿಚಯ

ಅಧ್ಯಯನ ನಡೆದದ್ದು ಬಾಡಿಗೆ ಮನೆಯೊಂದರ ಎರಡನೇ ಮಹಡಿಯ ಹಾಲಿನಲ್ಲಿ. ಉದ್ದ ಹದಿನಾಲ್ಕು ಅಡಿ, ಅಗಲ ಹತ್ತು. ಈಶಾನ್ಯಕ್ಕೆ ದೇವರ ಗೂಡು, ಆಗ್ನೇಯಕ್ಕೆ ಅಡುಗೆಮನೆಯ ಬಾಗಿಲು, ನಡುವೆ ಊಟದ ಮೇಜು. ಮೇಜಿನ ಬಲ ತುದಿಯಲ್ಲಿ ಪ್ರಬಂಧಕಾರನ ಲ್ಯಾಪ್‌ಟಾಪ್, ಎಡ ತುದಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ. ಎರಡಕ್ಕೂ ನಡುವೆ ಗಡಿಕಲ್ಲಾಗಿ ಉಪ್ಪಿನಕಾಯಿ ಜಾಡಿ. ಕಳೆದ ಎರಡು ವರ್ಷಗಳಲ್ಲಿ ಈ ಜಾಡಿ ಬಲಕ್ಕೆ ಹನ್ನೊಂದು ಅಂಗುಲ ಸರಿದಿದೆ. ಎಡಕ್ಕೆ ಸರಿದ ದಾಖಲೆ ಇಲ್ಲ.

ಮಾಹಿತಿದಾರರು ಮೂವರು. ಪ್ರಬಂಧಕಾರನ ಪತ್ನಿ (ಮುಂದೆ ‘ಪ್ರಥಮ ಮಾಹಿತಿದಾರರು’), ಅಮ್ಮ, ಕೆಳಮನೆಯ ಓನರ್ ಆಂಟಿ. ಮಾದರಿಯ ಗಾತ್ರ ಚಿಕ್ಕದಾಯಿತೆಂದು ಆಕ್ಷೇಪಿಸುವವರು, ಮೂವರೂ ಒಟ್ಟಿಗೆ ಮಾತಾಡುವ ಹೊತ್ತಿಗೆ ಒಮ್ಮೆ ಬಂದು ನೋಡಬೇಕು.

ಇನ್ನು ರೇಖಾಗಣಿತ. ನಂದಿನಿ ಲೇಔಟಿನ ಮಗ್ಗುಲಲ್ಲೇ ಹೊರವರ್ತುಲ ರಸ್ತೆ ಹಾದುಹೋಗುತ್ತದೆ. ಪ್ರಬಂಧಕಾರನ ಆಫೀಸೂ ಹೊರವರ್ತುಲ ರಸ್ತೆಯ ಮೇಲೆಯೇ, ಬೆಳ್ಳಂದೂರಿನ ಕಡೆ. ಮನೆ, ಆಫೀಸು ಎರಡೂ ಒಂದೇ ರಸ್ತೆಯಲ್ಲಿವೆಯೆಂದು ಊರಿನ ನೆಂಟರು ಇದನ್ನು ಪೂರ್ವಜನ್ಮದ ಪುಣ್ಯವೆಂದೇ ತಿಳಿದಿದ್ದಾರೆ. ಆ ರಸ್ತೆಯ ಸುತ್ತಳತೆ ಸುಮಾರು 60 ಕಿಲೋಮೀಟರ್, ನಾವು ಒಂದು ಮಗ್ಗುಲು, ಆಫೀಸು ಇನ್ನೊಂದು ಮಗ್ಗುಲು. ಗೊರಗುಂಟೆಪಾಳ್ಯದ ಕಡೆಯಿಂದ ಸುತ್ತಿದರೂ ಅದೇ ಪಾಡು, ನಾಯಂಡಹಳ್ಳಿಯ ಕಡೆಯಿಂದ ಸುತ್ತಿದರೂ ಅದೇ ಪಾಡು. ವ್ಯಾಸದ ಮೇಲೆ ನೇರವಾಗಿ ಹೋಗೋಣವೆಂದರೆ ನಡುವೆ ಮೆಜೆಸ್ಟಿಕ್ ಇದೆ. ‘ನೌಕರಿಯನ್ನು ಮೆಲ್ಲಗೆ ಕಳಚಿಕೊಂಡು ಮನೆಯಲ್ಲೇ ಆನ್‌ಲೈನ್ ವ್ಯಾಪಾರ ಕಟ್ಟು’ ಎಂಬ ದರ್ಶನ ಪ್ರಬಂಧಕಾರನಿಗೆ ಆದದ್ದು ಈ ವೃತ್ತದ ಮೇಲೆ, ಮಳೆಯಲ್ಲಿ, ಬಸ್ಸಿನಲ್ಲಿ ನಿಂತಿದ್ದಾಗ.

ಅಧ್ಯಾಯ 2: ಪೂರ್ವಪಕ್ಷ ಮತ್ತು ಅದರ ಖಂಡನೆ

ಪೂರ್ವಪಕ್ಷದವರ ಪ್ರಕಾರ ಮನೆಯಿಂದಲೇ ಕೆಲಸ ಹುಟ್ಟಿದ್ದು 2020ರ ಮಾರ್ಚ್ 25ರಂದು, ದೇಶಕ್ಕೆ ಬೀಗ ಬಿದ್ದ ದಿನ. ಸ್ವಲ್ಪ ಓದಿಕೊಂಡವರು ಇನ್ನೂ ಹಿಂದಕ್ಕೆ ಹೋಗಿ, 1973ರಲ್ಲಿ ಅಮೆರಿಕದ ಜ್ಯಾಕ್ ನಿಲ್ಸ್ ‘ಟೆಲಿಕಮ್ಯೂಟಿಂಗ್’ ಎಂಬ ಪದ ಹುಟ್ಟಿಸಿದ್ದನ್ನು ತೋರಿಸುತ್ತಾರೆ. ಎರಡೂ ಅಸಿದ್ಧ. ನಿಲ್ಸ್ ಪದ ಹುಟ್ಟಿಸುವ ಹೊತ್ತಿಗೆ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ತಾರಸಿಯ ಮೇಲೆ ಹಪ್ಪಳ ಮಾಡಲು ಕೂತು ಹದಿನಾಲ್ಕು ವರ್ಷವಾಗಿತ್ತು. 1959ರ ಆ ಹಪ್ಪಳವೇ ಲಿಜ್ಜತ್. ಕಲಸಿದ ಹಿಟ್ಟು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ, ಮರಳಿ ತೂಕಕ್ಕೆ ಕೊಡುವುದು ಅವರ ಪದ್ಧತಿ. ನಮ್ಮ ಕರಾವಳಿಯಲ್ಲಿ ಎಲೆ, ಹೊಗೆಸೊಪ್ಪು, ನೂಲು ತಂದು, ಜಗಲಿಯಲ್ಲಿ ಕೂತು ಕಟ್ಟಿ, ಸಾವಿರದ ಲೆಕ್ಕದಲ್ಲಿ ಬೀಡಿ ಬ್ರಾಂಚಿಗೆ ಕೊಟ್ಟು ಬಂದವರ ಕೈಯಲ್ಲಿ ಎಷ್ಟು ಮಕ್ಕಳ ಕಾಲೇಜು ಫೀಜು ಕಟ್ಟಿಹೋಯಿತು! ಬೆಂಗಳೂರಿನ ವಠಾರಗಳಲ್ಲಿ ಊದುಬತ್ತಿ ಹೊಸೆದವರದೂ ಸಾವಿರದ ಲೆಕ್ಕವೇ. ಹನ್ನೆರಡನೇ ಶತಮಾನಕ್ಕೇ ಹೋಗುವುದಾದರೆ ಆಯ್ದಕ್ಕಿ ಲಕ್ಕಮ್ಮನಿದ್ದಾಳೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ, ಹೋಗಿ ಅಲ್ಲೇ ಸುರಿದು ಬಾ ಎಂದವಳು. ಇಷ್ಟು ಬಿಗಿಯಾದ ಸ್ಟಾಕ್ ಕಂಟ್ರೋಲು ಹೊರವರ್ತುಲ ರಸ್ತೆಯ ಯಾವ ಟೆಕ್ ಪಾರ್ಕಿನಲ್ಲೂ ಪ್ರಬಂಧಕಾರನಿಗೆ ಕಂಡಿಲ್ಲ.

ಇವರ್ಯಾರೂ ತಮ್ಮದನ್ನು ‘ವರ್ಕ್ ಫ್ರಂ ಹೋಮ್’ ಎಂದು ಕರೆದುಕೊಳ್ಳಲಿಲ್ಲ. ಏನ್ಮಾಡ್ಕೊಂಡಿದೀರಾ ಎಂದು ಕೇಳಿದರೆ ‘ಸುಮ್ನೆ ಮನೇಲಿದೀನಿ’ ಎಂದರು. ಮೀಸೆಯಿರುವವನೊಬ್ಬ ಲ್ಯಾಪ್‌ಟಾಪ್ ಹಿಡಿದು ಅದೇ ಮನೆಯಲ್ಲಿ ಕೂತ ದಿನ ಆ ಸ್ಥಿತಿಗೆ ಇಂಗ್ಲಿಷ್ ಹೆಸರೂ ಇಂಟರ್‌ನೆಟ್ ಭತ್ಯೆಯೂ ಬಂದವು.

ಸ್ಥಳೀಯ ಸಾಕ್ಷ್ಯವೂ ಇದೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಕಂಪನಿ ಗೃಹಿಣಿಯರ ವಾಟ್ಸ್ಆ್ಯಪ್ ಬಳಗವನ್ನೇ ಅಂಗಡಿಬೀದಿ ಮಾಡಿಕೊಂಡಿತು. ಓನರ್ ಆಂಟಿ ಅದಕ್ಕೂ ಬಹಳ ಮುಂಚಿನಿಂದ ಚೀಟಿ ಕೂಗುವ ದಿನವೇ ಸೀರೆ ಗಂಟು ಬಿಚ್ಚುತ್ತಿದ್ದರು. ಚೀಟಿ ಎತ್ತಿದವರ ಕೈಯಲ್ಲಿ ಆ ಕ್ಷಣ ದುಡ್ಡಿರುತ್ತದೆ ಎಂಬುದನ್ನು ಅವರಿಗೆ ಯಾವ ಅಲ್ಗಾರಿದಮ್ಮೂ ಹೇಳಿಕೊಡಬೇಕಾಗಲಿಲ್ಲ. ಗೇಟಿಗೆ ಇವತ್ತಿಗೂ ‘ಫಾಲ್, ಜಿಗ್‌ಜಾಗ್, ಕುಚ್ಚು’ ಎಂಬ ಬೋರ್ಡು ತೂಗುತ್ತಿದೆ.

ಅಧ್ಯಾಯ 3: ಪ್ರಬಂಧಕಾರನ ಮೂಲ ಕೊಡುಗೆ

ಚಟ್ನಿಪುಡಿಯ ಆನ್‌ಲೈನ್ ವ್ಯಾಪಾರಕ್ಕೆ ಹೆಸರು ಯೋಚಿಸಲು ಒಂದು ತಿಂಗಳು. ಲೋಗೋದಲ್ಲಿ ಒನಕೆ ಇರಬೇಕೋ ಬೀಸುಕಲ್ಲೋ ಎಂಬುದಕ್ಕೆ ಎರಡು ತಿಂಗಳು. ‘ಅಜ್ಜಿಯ ಕೈರುಚಿ’ ಎಂಬ ಬ್ರ್ಯಾಂಡ್ ಕಥೆ ಬರೆಯಲು ಮತ್ತೊಂದು. ಅಜ್ಜಿಗೆ ಚಟ್ನಿಪುಡಿ ಮಾಡಲು ಬರುತ್ತಿರಲಿಲ್ಲ ಎಂದು ಅಮ್ಮ ತಿದ್ದಿದ್ದರಿಂದ ಕಥೆ ಕೈಬಿಡಲಾಯಿತು. ನಾಲ್ಕು ತಿಂಗಳ ಒಟ್ಟು ಮಾರಾಟ: ಸೊನ್ನೆ.

ಒಂದು ಶನಿವಾರ ಪ್ರಥಮ ಮಾಹಿತಿದಾರರು ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಚಟ್ನಿಪುಡಿ ಹರವಿ, ಫೋಟೋ ತೆಗೆದು, ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿ ಪಾತ್ರೆ ತೊಳೆಯಲು ಹೋದರು. ಸಂಜೆಗೆ ಹನ್ನೊಂದು ಮೆಸೇಜು.

ಅಧ್ಯಾಯ 4: ಗಿರಾಕಿ ಭಾಷೆಯ ವ್ಯಾಕರಣ

‘ರೇಟ್ ಎಷ್ಟು ಅಕ್ಕ?’ ಇದು ಪ್ರಶ್ನಾರ್ಥಕ ವಾಕ್ಯವಲ್ಲ. ಬೆಲೆ ಫೋಟೋದ ಮೇಲೆಯೇ ಬರೆದಿರುತ್ತದೆ. ಇದನ್ನು ಕುಶಲೋಪರಿಯೆಂದು ಪರಿಗಣಿಸತಕ್ಕದ್ದು. ‘ನೋಡ್ತೀನಿ’ ಎಂಬುದು ರೂಪದಲ್ಲಿ ಭವಿಷ್ಯತ್ತು, ಅರ್ಥದಲ್ಲಿ ನಿಷೇಧ. ‘ನಮ್ಮನೆಯವರನ್ನ ಕೇಳಿ ಹೇಳ್ತೀನಿ’ ಎಂಬಲ್ಲಿ ಉಲ್ಲೇಖಗೊಂಡ ಮನೆಯವರು ಬದುಕಿನಲ್ಲಿ ಒಮ್ಮೆಯೂ ಚಟ್ನಿಪುಡಿಯ ವಿಷಯದಲ್ಲಿ ಬಾಯಿಬಿಟ್ಟವರಲ್ಲ. ಬರೀ ಹೆಬ್ಬೆರಳು ಕಳಿಸಿದರೆ ಅರ್ಧ ಕೆ.ಜಿ. ಖಚಿತ, ಹೃದಯ ಕಳಿಸಿದವರು ಕೊಂಡದ್ದಿಲ್ಲ. ‘ನಿಮ್ಮ ಕೈ ಅಳತೆ ಹೇಳಿಕೊಡಿ ಅಕ್ಕ’ ಎನ್ನುವವರು ಗಿರಾಕಿಗಳೇ ಅಲ್ಲ, ವಿಶ್ವಾಮಿತ್ರರು.

ವಿಳಾಸಕ್ಕೂ ಇಂಥದೇ ಒಂದು ವ್ಯಾಕರಣವಿದೆ. ಮ್ಯಾಪಿನಲ್ಲಿ ಕ್ರಾಸು, ಮೇನು ಎಲ್ಲ ಸರಿಯಾಗಿ ಕೊಟ್ಟರೆ ಪಾರ್ಸೆಲ್ ಒಯ್ಯುವ ಹುಡುಗ ಮಹಾಲಕ್ಷ್ಮಿ ಲೇಔಟಿನ ಅದೇ ಸಂಖ್ಯೆಯ ಕ್ರಾಸಿನಲ್ಲಿ ನಿಂತು ಫೋನ್ ಮಾಡುತ್ತಾನೆ. ‘ಅಣ್ಣಾವ್ರ ಸಮಾಧಿ ಗೊತ್ತಾ?’ ಎಂದರೆ ಸಾಕು. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ಕಂಠೀರವ ಸ್ಟುಡಿಯೋದ ಮಣ್ಣಿನಲ್ಲಿ ಮಲಗಿದ ಮೇಲೆ, ಈ ಭಾಗದ ಅಕ್ಷಾಂಶ ರೇಖಾಂಶಗಳೆಲ್ಲ ಅಲ್ಲಿಂದಲೇ ಶುರು. ಅಸ್ಸಾಮಿನಿಂದ ಬಂದ ಹುಡುಗನೂ ‘ಹಾಂ, ಅಣ್ಣಾವ್ರು’ ಎಂದು ಗಾಡಿ ತಿರುಗಿಸುತ್ತಾನೆ. ಅಷ್ಟು ಕನ್ನಡ ಅವನಿಗೆ ಸಾಕು, ನಮಗೂ ಸಾಕು.

ಅಧ್ಯಾಯ 5: ಗೃಹತ್ರಯ ಸಿದ್ಧಾಂತ

ಗೃಹಜ್ಯೋತಿ, ಗೃಹಲಕ್ಷ್ಮಿ, ಗೃಹೋದ್ಯಮ: ಈ ಮೂರೂ ಒಂದೇ ಸೂರಿನಡಿ ಬಾಳಬಲ್ಲವೇ ಎಂಬುದು ಈ ಶಾಸ್ತ್ರದ ಜಟಿಲ ಪ್ರಶ್ನೆ. 2023ರಿಂದ ಗೃಹಜ್ಯೋತಿಯಲ್ಲಿ ಮನೆಯ ಹಳೆಯ ಸರಾಸರಿಗೆ ಒಂದಿಷ್ಟು ಸೇರಿಸಿ ಕರೆಂಟು ಉಚಿತ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಆದ್ದರಿಂದ ತಿಂಗಳ ಕೊನೆಯ ವಾರ ಅಮ್ಮ ದಿನಾ ಇಳಿದು ಹೋಗಿ ಮೀಟರ್ ನೋಡುತ್ತಾರೆ. ಅಂಕಿ ನೂರಾ ತೊಂಬತ್ತರ ಹತ್ತಿರ ಬಂದಿತೆಂದರೆ ಮೆಣಸಿನಕಾಯಿ ಚೀಲ ಹಿಟ್ಟಿನ ಗಿರಣಿಗೆ ಹೊರಡುತ್ತದೆ, ಹೊರುವುದು ಪ್ರಬಂಧಕಾರ. ಗೃಹಲಕ್ಷ್ಮಿಯಲ್ಲಿ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆದರೆ ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರೋ ಆಗಿದ್ದರೆ ಇಲ್ಲ. ‘ಅಷ್ಟು ದೊಡ್ಡದಾಗಿ ಬೆಳೆಯೋದ್ಯಾಕೆ?’ ಎಂದು ಓನರ್ ಆಂಟಿ ಕೇಳಿದ ಪ್ರಶ್ನೆಗೆ ಪ್ರಬಂಧಕಾರನ ಎಂಬಿಎ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟಿನ ಮಿತಿ ದಾಟಿದವರು ಎಂಬುದು ಆಧಾರ. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಕೋಡು ಇಳಿದು ‘ಕ್ಯಾಶ್ ಮಾತ್ರ’ ಎಂಬ ಚೀಟಿ ಏರಿತು. ನಮ್ಮ ಮನೆಯಲ್ಲೂ ತುರ್ತು ಸಭೆ ಸೇರಿತು. ಈಗಿನ ವೇಗದಲ್ಲಿ 40 ಲಕ್ಷ ಮುಟ್ಟಲು ಎಷ್ಟು ಕಾಲ ಬೇಕೆಂದು ಪ್ರಥಮ ಮಾಹಿತಿದಾರರು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ, ‘ಮೊಮ್ಮಕ್ಕಳು ನೋಡ್ಕೋತಾರೆ’ ಎಂದು ಸಭೆ ಬರ್ಖಾಸ್ತು ಮಾಡಿದರು.

ಆಹಾರ ಸುರಕ್ಷತೆಯ ನೋಂದಣಿಯನ್ನು ಮಾತ್ರ ಮಾಡಿಸಿದ್ದಾಗಿದೆ. ಹನ್ನೆರಡು ಲಕ್ಷದೊಳಗಿನ ವಹಿವಾಟಿನವರಿಗೆ ವರ್ಷಕ್ಕೆ ನೂರು ರೂಪಾಯಿ ಶುಲ್ಕವಿತ್ತು. ಬಂದ ಸಂಖ್ಯೆ ಹದಿನಾಲ್ಕು ಅಂಕಿಯದು, ಆಧಾರ್‌ಗಿಂತ ಎರಡು ಹೆಚ್ಚು. ಮನೆಯಲ್ಲಿ ಈಗ ಪ್ರಬಂಧಕಾರನಿಗಿಂತ ಚಟ್ನಿಪುಡಿಯ ಗುರುತೇ ಗಟ್ಟಿ.

ಅಧ್ಯಾಯ 6: ಶಬ್ದಪ್ರಮಾಣ

ಮಿಕ್ಸಿ ಮೂರನೇ ಸ್ಪೀಡಿಗೆ ಏರುವುದಕ್ಕೂ ಮೀಟಿಂಗಿನಲ್ಲಿ ಪ್ರಬಂಧಕಾರನ ಸರದಿ ಬರುವುದಕ್ಕೂ ಕಾರ್ಯಕಾರಣ ಸಂಬಂಧವಿದೆಯೋ ಬರೀ ಕಾಕತಾಳೀಯವೋ ತೀರ್ಮಾನವಾಗಿಲ್ಲ. ಒಮ್ಮೆ ಮ್ಯಾನೇಜರರು ‘ಅಲ್ಲೇನು ಬೋರ್‌ವೆಲ್ ಕೊರೀತಿದಾರಾ?’ ಎಂದು ಕೇಳಿದರು. ವಿಷಯ ತಿಳಿಸಿದಾಗ ಕ್ಷಣ ಸುಮ್ಮನಿದ್ದು, ಕಡಲೆಬೇಳೆಯದೋ ಶೇಂಗಾದ್ದೋ ಎಂದು ವಿಚಾರಿಸಿ, ಅರ್ಧ ಕೆ.ಜಿ. ಶೇಂಗಾ ಚಟ್ನಿಪುಡಿ ಬರೆಸಿದರು. ಆ ಮೀಟಿಂಗಿನ ನಿರ್ಣಯಗಳಲ್ಲಿ ಜಾರಿಗೆ ಬಂದದ್ದು ಅದೊಂದೇ.

ಅನುಬಂಧ

ಈ ಪ್ರಬಂಧದ ಮೊದಲ ಕರಡನ್ನು ಪ್ರಿಂಟ್ ಹಾಕಿಸಿ ಮೇಜಿನ ಮೇಲೆ, ಜಾಡಿಯ ಬಲಕ್ಕೆ ಇಡಲಾಗಿತ್ತು. ಪ್ರಬಂಧಕಾರ ಆಫೀಸಿಗೆ ಹೋದ ಬುಧವಾರ ಜಾಡಿ ಸರಿದಿದೆ. ದಾವಣಗೆರೆಗೆ ಹೊರಟಿದ್ದ ಗಾಜಿನ ಬಾಟಲಿಯ ಗೊಜ್ಜಿಗೆ ಸುತ್ತಲು ದಪ್ಪ ಕಾಗದ ಬೇಕಿತ್ತಂತೆ. ಮೂರು ದಿನಕ್ಕೆ ಗಿರಾಕಿಯಿಂದ ಮೆಸೇಜು ಬಂತು: ‘ಬಾಟ್ಲಿ ಒಡೆದಿಲ್ಲ. ಗೊಜ್ಜು ಚೆನ್ನಾಗಿದೆ ಅಕ್ಕ. ಸುತ್ತಿದ್ದ ಪೇಪರ್ ಓದಿದೆ, ಅರ್ಥ ಆಗ್ಲಿಲ್ಲ.’ ಜೊತೆಗೆ ನಾಲ್ಕು ಸ್ಟಾರ್. ಐದನೆಯದು ಉಪ್ಪು ಒಂದು ಚೂರು ಮುಂದಾದದ್ದಕ್ಕೆ ಹೋಗಿದೆ ಎಂದು ಪ್ರಬಂಧಕಾರನ ಮತ. ಇಲ್ಲ, ಮೂರನೇ ಅಧ್ಯಾಯಕ್ಕೆ ಹೋಗಿದೆ ಎಂದು ಪ್ರಥಮ ಮಾಹಿತಿದಾರರು.